ಬುಧವಾರ ಬಂದ ತಾಯಿ

ಅವ್ವನ ಹೆಸರಿನಲ್ಲಿ ಅಪ್ಪ ವಿಮೆ ಮಾಡಿಸಿಕೊಂಡು ಬಂದ ದಿನ ಅವ್ವ ಅವನಿಗೆ ಬಡಿಸಲಿಲ್ಲ. ರೊಟ್ಟಿಯ ಬುಟ್ಟಿಯನ್ನು ಮುಂದೆ ಸರಿಸಿ, ಪಲ್ಯದ ಬೋಗುಣಿಯನ್ನು ಪಕ್ಕಕ್ಕಿಟ್ಟು, ಒಳಗೆ ಹೋಗಿ ಕೂತುಬಿಟ್ಟಳು. ಆವರೆಗೆ ನಮ್ಮ ಮನೆಯಲ್ಲಿ ವಿಮೆ ಅಂದರೆ ಮನುಷ್ಯ ಸತ್ತ ಮೇಲೆ ಮನೆಯವರಿಗೆ ಬರುವ ದುಡ್ಡು, ಅಷ್ಟೇ. ಇದು ಅದಲ್ಲ, ಪ್ರವಾಸದ ವಿಮೆ, ಪರದೇಶದಲ್ಲಿದ್ದಾಗ ಜಡ್ಡು ಬಂದರೆ ದವಾಖಾನೆಯ ಖರ್ಚನ್ನು ಕಂಪನಿ ಹೊರುತ್ತದೆ ಎಂದು ನಾನು ಬಾಗಿಲಲ್ಲಿ ನಿಂತು ತಿಳಿಸಿ ಹೇಳಿದೆ. ಶಾಲೆಯಲ್ಲಿ ಪಾಠ ಮಾಡುವ ಧಾಟಿಯಲ್ಲೇ ಹೇಳಿದೆನೋ ಏನೋ, ಅವ್ವನಿಗೆ ಇನ್ನಷ್ಟು ಸಿಟ್ಟು ಬಂತು.

“ನಾ ಬಾಣಂತನಾ ಮಾಡ್ಲಾಕ ಹೊಂಟೀನಿ, ದವಾಖಾನ್ಯಾಗ ಮಲಗ್ಲಾಕ ಅಲ್ಲ. ಹೊರಡೂ ಮುಂದ ಬರೇ ಜಡ್ಡಿನ ಮಾತೇ ಆಡ್ತೀರಲ್ಲ, ಅಪ್ಪ ಮಗಳಿಗೆ ಇಬ್ಬರಿಗೂ ಏನಾಗ್ಯಾದ?”

ತೊಂಬತ್ತರ ದಶಕ ಆಗಷ್ಟೇ ಶುರುವಾಗಿದ್ದ ಕಾಲ. ನನ್ನ ತಂಗಿ ಮಸ್ಕತ್‌ನಲ್ಲಿದ್ದಳು. ಅವಳ ಗಂಡ ಅಫಜಲಪುರದವನು, ಅಲ್ಲಿ ಎ.ಸಿ. ರಿಪೇರಿ ಮಾಡುವ ಒಂದು ಕಂಪನಿಯಲ್ಲಿ ಮೇಸ್ತ್ರಿ. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು ಅನ್ನುವುದು ನಮ್ಮ ಕಡೆ ಯಾರೂ ಮೀರದ ಪದ್ಧತಿ. ಆದರೆ ತಂಗಿಗೆ ರಕ್ತದೊತ್ತಡ ಏರಿ, ವಿಮಾನ ಹತ್ತಕೂಡದು ಎಂದು ಡಾಕ್ಟರು ಹೇಳಿಬಿಟ್ಟರು. ಮಗಳು ತವರಿಗೆ ಬರಲಾಗದಿದ್ದರೆ ತವರೇ ಮಗಳ ಹತ್ತಿರ ಹೋಗಲಿ ಎಂದು ಅವ್ವ ಒಂದೇ ಮಾತಿಗೆ ಹೊರಟು ನಿಂತಳು. ಭೀಮಾ ದಂಡೆಯ ಮಣ್ಣೂರಿನಲ್ಲಿ ಹುಟ್ಟಿ ಆಳಂದಕ್ಕೆ ಸೊಸೆಯಾಗಿ ಬಂದವಳು, ಅಲ್ಲಿಯವರೆಗೆ ಸೊಲ್ಲಾಪುರ, ಪಂಢರಪುರ ಬಿಟ್ಟು ಆಚೆಗೆ ಹೋದವಳಲ್ಲ. ಜೋಳದ ಹಿಟ್ಟು, ಅಂಟಿನುಂಡಿ, ಬಾಣಂತಿ ಖಾರ, ಶೇಂಗಾ ಹಿಂಡಿ ಎಲ್ಲವನ್ನೂ ಕಟ್ಟಿಕೊಂಡು, ಮುಂಬಯಿಯ ವಿಮಾನ ನಿಲ್ದಾಣದಲ್ಲಿ ನಮಗೆ ಬೆನ್ನು ತಿರುಗಿಸಿ ಒಳಗೆ ನಡೆದಳು. ಹಿಂತಿರುಗಿ ಸಹ ನೋಡಲಿಲ್ಲ. ಅಳು ಬಂದದ್ದು ಅಪ್ಪನಿಗೆ.

ಅಪ್ಪ ಆಳಂದದ ಬಜಾರಿನಲ್ಲಿ ತೊಗರಿಯ ಅಡತಿ ಅಂಗಡಿ ಇಟ್ಟಿದ್ದ. ಕಿಣ್ಣಿ ಸುಲ್ತಾನದಿಂದ, ಸುತ್ತಲಿನ ಹಳ್ಳಿಗಳಿಂದ ರೈತರು ತರುವ ಮಾಲನ್ನು ರಾಶಿಯ ಮುಂದೆ ನಿಂತು ಸವಾಲು ಕೂಗಿ ಮಾರಿಸುವುದು ಅವನ ಕಸುಬು. ವರ್ಷಗಟ್ಟಲೆ ಕೂಗಿ ಕೂಗಿ ಅವನಿಗೆ ಮೆತ್ತಗೆ ಮಾತಾಡುವುದೇ ಮರೆತುಹೋಗಿತ್ತು. ಮನೆಯಲ್ಲಿ ನೀರು ಕೇಳಿದರೂ ಪಕ್ಕದ ಮನೆಯವರು ತಂಬಿಗೆ ಹಿಡಿದು ಬರುವ ಹಾಗೆ ಕೇಳುತ್ತಿದ್ದ. ನಾನು ಜೇವರ್ಗಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ರಜೆ ಬಂದಾಗ ಆಳಂದಕ್ಕೆ ಬರುತ್ತಿದ್ದೆ. ಅಪ್ಪನ ಆ ಗಂಟಲನ್ನು ಬೈದುಕೊಂಡೇ ಬೆಳೆದವಳು ನಾನು. ಅದೇ ಗಂಟಲು ಒಂದು ದಿನ ನಮ್ಮನ್ನು ಕಾಯುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಮಸ್ಕತ್‌ನಲ್ಲಿ ಹೆರಿಗೆ ಸುಸೂತ್ರವಾಗಿ ಆಯಿತು, ಗಂಡು ಮಗು. ಅವ್ವನ ವಿಮೆ ಮೂರು ತಿಂಗಳಿಗೆ ಮಾಡಿಸಿದ್ದು. ಆ ಮೂರು ತಿಂಗಳು ಮುಗಿಯುತ್ತ ಬಂದಾಗ ಅವ್ವ ಫೋನಿನಲ್ಲಿ, “ಕೂಸಿಂದು ಇನ್ನ ಕುತ್ತಿಗಿ ನಿಂತಿಲ್ಲ, ಹ್ಯಾಂಗ ಬಿಟ್ಟು ಬರ್ಲಿ?” ಅಂದಳು. ಅಳಿಯ ಓಡಾಡಿ ವೀಸಾವನ್ನು ಇನ್ನೊಂದು ತಿಂಗಳಿಗೆ ಬೆಳೆಸಿದ. ಹಾಗಾದರೆ ವಿಮೆಯನ್ನೂ ಬೆಳೆಸಬೇಕು. ಅದನ್ನು ಇಲ್ಲಿಂದ, ಕಲಬುರ್ಗಿಯ ಕಚೇರಿಯಿಂದಲೇ ಮಾಡಿಸಬೇಕು. ಹಳೆಯ ಪಾಲಿಸಿ ಶನಿವಾರಕ್ಕೆ ಮುಗಿಯುತ್ತಿತ್ತು. ಅಷ್ಟರೊಳಗೆ ಬಂದು ನವೀಕರಿಸಿಕೊಳ್ಳಿ, ಈವರೆಗೆ ಆಕೆಗೆ ಯಾವ ಕಾಯಿಲೆಯೂ ಬಂದಿಲ್ಲ ಎಂದು ಸಹಿ ಮಾಡಿಕೊಡಿ ಎಂದು ಅಲ್ಲಿಯ ಅಧಿಕಾರಿ ಮೊದಲೇ ಹೇಳಿದ್ದರು. ಅಪ್ಪ ಅಳಿಯನ ಫೋನಿಗಾಗಿ ಕಾಯುತ್ತಿದ್ದ.

ನಮಗೆ ಗೊತ್ತಿಲ್ಲದ್ದು ಏನೆಂದರೆ, ಆ ವಾರದ ಬುಧವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಅವ್ವನಿಗೆ ಮೈ ಕಾದು, ಕುತ್ತಿಗೆ ಬೆನ್ನಿನ ಮೇಲೆ ನೀರುಗುಳ್ಳೆ ಎದ್ದಿದ್ದವು. ಸಣ್ಣವಳಿದ್ದಾಗ ಬರಬೇಕಾದದ್ದು ಐವತ್ತು ದಾಟಿದ ಮೇಲೆ ಬಂದಿತ್ತು.

ನಮ್ಮ ಕಡೆ ಇದನ್ನು ಜಡ್ಡು ಅನ್ನುವುದಿಲ್ಲ. ತಾಯಿ ಬಂದಾಳ ಅನ್ನುತ್ತೇವೆ. ಬಂದವಳು ಮನೆಗೆ ಬಂದ ಅತಿಥಿ. ಅವಳಿಗೆ ಬೇವಿನ ತಪ್ಪಲು ಹಾಸಬೇಕು, ಒಗ್ಗರಣೆಯ ಚುಂಯ್ ಅನ್ನುವ ಸಪ್ಪಳ ಮನೆಯಲ್ಲಿ ಕೇಳಿಸಬಾರದು, ಮೊಸರನ್ನ ಎಡೆ ಹಿಡಿಯಬೇಕು, ಇದ್ದಷ್ಟು ದಿನ ಇದ್ದು ಅವಳಾಗಿ ಹೊರಟಾಗ ಉಡಿ ತುಂಬಿ ಕಳಿಸಬೇಕು. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಬೇರೆ ದೇವರು ಬೇಡ ಅನ್ನುವ ಶರಣರ ಮನೆ ನಮ್ಮದು. ಆದರೂ ಗುಳ್ಳೆ ಎದ್ದ ಮರುಕ್ಷಣ ಎಲ್ಲರೂ ತಾಯಿಯ ಕಡೆಯವರೇ. ಎಲ್ಲಕ್ಕಿಂತ ದೊಡ್ಡ ತಪ್ಪು ಎಂದರೆ ಅವಳನ್ನು ಜಡ್ಡು ಅಂದುಬಿಡುವುದು. ಅಂದರೆ ಮುನಿಯುತ್ತಾಳೆ.

ಇನ್ನೊಂದು ವಿಷಯ. ಅಳಿಯನ ಹೆತ್ತ ತಾಯಿ ಆಗ ಪುಣೆಯಲ್ಲಿ ಹಿರಿಯ ಮಗನ ಮನೆಯಲ್ಲಿದ್ದಳು. ಮೊಮ್ಮಗನ ಮುಖ ನೋಡಲು ನಾನೂ ಮಸ್ಕತ್‌ಗೆ ಹೋಗುವವಳೇ ಎಂದು ಪಾಸ್‌ಪೋರ್ಟ್ ಮಾಡಿಸಿ ಇಟ್ಟುಕೊಂಡಿದ್ದಳು. ಅಪ್ಪನಿಗೆ ಈ ಬೀಗತಿ ಅಂದರೆ ಒಳಗೊಳಗೇ ಅಂಜಿಕೆ. ಮದುವೆಯಲ್ಲಿ ಬೀಗರಿಗೆ ಚಹಾ ತಡವಾಯಿತೆಂದು ಆಕೆ ಮುಖ ಊದಿಸಿಕೊಂಡದ್ದನ್ನು ಅವನು ಮರೆತಿರಲಿಲ್ಲ.

ನನಗೆ ಆಗ ಬೇಸಿಗೆ ರಜೆ, ಆಳಂದದಲ್ಲೇ ಇದ್ದೆ. ಗುರುವಾರ ಬೆಳಿಗ್ಗೆ ಬಜಾರಿನ ಫೋನ್ ಬೂತಿಗೆ ಅಳಿಯನ ಫೋನ್ ಬಂತು. ಬೂತ್ ನಡೆಸುತ್ತಿದ್ದವರು ಅಪ್ಪನ ಮುಸ್ಲಿಂ ಗೆಳೆಯರೊಬ್ಬರು, ನಾವೆಲ್ಲ ಅವರನ್ನು ಚಾಚಾ ಅನ್ನುತ್ತಿದ್ದೆವು. ಅಪ್ಪ ಗಾಜಿನ ಪೆಟ್ಟಿಗೆಯೊಳಗೆ ನಿಂತು ಫೋನ್ ಹಿಡಿದ, ನಾನೂ ಚಾಚಾನೂ ಹೊರಗೆ. ಆಮೇಲೆ ಆ ಕಡೆಯ ಮಾತನ್ನು ಅಳಿಯನ ಬಾಯಿಂದ ಕೇಳಿ ಜೋಡಿಸಿದ್ದೇನೆ. ಆದ ಮಾತುಕತೆ ಇದು.

“ಮಾವಾರ, ತಾಯಿ ಬಂದಾಳ್ರಿ.”

“ಹೌದೇನ್ರಿ? ಯಾವಾಗ ಬಂದ್ರು?”

“ನಿನ್ನಿ ಸಂಜಿಕಿ.”

ಬೀಗತಿ ಹೇಳದೆ ಕೇಳದೆ ವಿಮಾನ ಹತ್ತಿ ಹೋಗಿಯೇಬಿಟ್ಟಳು ಎಂದು ಅಪ್ಪ ತಿಳಿದ. ಅಂಜಿಕೆಯನ್ನು ದನಿಯಲ್ಲಿ ತೋರಿಸಿಕೊಳ್ಳಲಿಲ್ಲ. “ಬರ್ಲಿ, ಬರ್ಲಿ! ಭಾಳ ಛಲೋ ಆತು. ಮರ್ಯಾದಿಲೆ ನೋಡ್ಕೊಳ್ರಿ, ಏನೂ ಕಡಿಮಿ ಮಾಡಬ್ಯಾಡ್ರಿ!” ಎಂದು ಬಜಾರಿನ ಆ ತುದಿಗೆ ಕೇಳುವ ಹಾಗೆ ಕೂಗಿದ.

ಮಾವ ಎಷ್ಟು ಭಕ್ತಿಯಿಂದ ತಾಯಿಯನ್ನು ಬರಮಾಡಿಕೊಂಡರು ಎಂದು ಅಳಿಯನಿಗೆ ಕಣ್ಣಲ್ಲಿ ನೀರು ಬಂತಂತೆ. “ಒಗ್ಗರಣಿ ಬಂದ್ ಮಾಡೀವ್ರಿ ಮಾವಾರ,” ಅಂದ.

“ಮಾಡ್ರಿ. ಅವರಿಗಿ ಎಣ್ಣಿ ಆಗಿಬರಲ್ಲ, ನನಗೂ ಗೊತ್ತದ.”

“ಅವ್ವಾರು ಒಳಗ ಮಲಗ್ಯಾರ.”

“ಮಲಗ್ಲಿ. ದುಡದು ದುಡದು ದಣದಾಳ. ಇನ್ನ ಅವರು ಬಂದಾರಲ್ಲ, ಮನಿ ನೋಡ್ಕೋತಾರ.”

“ನೋಡ್ಕೋತಾಳ್ರಿ. ಆಕಿ ಮ್ಯಾಲೇ ಭಾರ ಹಾಕೀವಿ.”

ಇಷ್ಟಕ್ಕೇ ನಿಂತಿದ್ದರೂ ನಗುತ್ತ ಮರೆಯಬಹುದಾಗಿತ್ತು. ಆದರೆ ಅಪ್ಪ ಮರೆಯದೆ ಕೇಳಬೇಕಾದ ಮಾತನ್ನು ಕೇಳಿದ: “ನಾಳಿಗಿ ಪಾಲಿಸಿ ಮುಂದ ಬೆಳೆಸ್ಲಾಕ ಹೊಂಟೀನಿ. ನಮ್ಮಾಕಿಗಿ ಜಡ್ಡು ಗಿಡ್ಡು ಏನೂ ಇಲ್ಲಲ್ಲ?”

ಆ ಕಡೆಯಿಂದ ಅಳಿಯ ಗಾಬರಿಯಾಗಿ, “ಛೇ ಛೇ! ಜಡ್ಡು ಅನಬ್ಯಾಡ್ರಿ ಮಾವಾರ!” ಅಂದ.

“ಆತು ಬಿಡ್ರಿ, ಅನ್ನಲ್ಲ!” ಎಂದು ಅಪ್ಪ ಗಹಗಹಿಸಿ ನಕ್ಕು ಫೋನ್ ಇಟ್ಟ.

ಶುಕ್ರವಾರ ಕಲಬುರ್ಗಿಗೆ ಹೋಗಿ ಸಹಿ ಹಾಕಿ ಬಂದ. ಬಂದವನು ಬೀಗತಿ ಹೋದ ಸುದ್ದಿಯನ್ನೇ ಮತ್ತೆ ಮತ್ತೆ ಚಪ್ಪರಿಸಿಕೊಂಡು ಹೇಳಿದ. ಅವ್ವನೂ ಬೀಗತಿಯೂ ಒಂದೇ ಅಡುಗೆಮನೆಯಲ್ಲಿ ಹೇಗೆ ದಿನ ದೂಡುತ್ತಾರೋ ಎಂದು ನಾನೂ ಅವನೂ ಎರಡು ದಿನ ಅದೇ ಚೇಷ್ಟೆಯ ಮಾತಿನಲ್ಲಿ ಕಳೆದೆವು.

ಸೋಮವಾರ ಮತ್ತೆ ಫೋನ್ ಬಂತು. ಈ ಸಲ ಅಳಿಯನ ದನಿ ಒಡೆದಿತ್ತು. ಅಪ್ಪ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದಿದ್ದರಿಂದ ನನಗೂ ಕೇಳಿಸುತ್ತಿತ್ತು.

“ಅವ್ವಾರನ್ನ ದವಾಖಾನಿಗಿ ಹಾಕೀವ್ರಿ. ದಮ್ಮು ಹತ್ಯಾದ. ನ್ಯುಮೋನಿಯಾ ಅಂತಾರ, ಆಕ್ಸಿಜನ್ ಹಚ್ಯಾರ.”

“ಯಾಕ್ರಿ? ಛಲೋ ಇದ್ದಾಕಿಗಿ ಒಮ್ಮಿಂದೊಮ್ಮಿಗೆ ಏನಾತು?”

“ತಾಯಿ ಬಂದಾಳಂತ ಅವತ್ತೇ ಹೇಳಿದ್ನೆಲ್ರಿ.”

“ನಿಮ್ಮ ತಾಯಿ ಬಂದ್ರ ನಮ್ಮಾಕಿಗಿ ಯಾಕ ನ್ಯುಮೋನಿಯಾ ಆಗ್ತದ್ರಿ?”

“ನಮ್ಮ ತಾಯಿ ಪುಣೇದಾಗ ಅದಾಳ್ರಿ ಮಾವಾರ. ಅವ್ವಾರ ಮೈಮ್ಯಾಲ ತಾಯಿ ಬಂದಾಳ.”

ಅಪ್ಪ ಫೋನನ್ನು ನನ್ನ ಕೈಗೆ ಕೊಟ್ಟು ಚಾಚಾನ ಸ್ಟೂಲಿನ ಮೇಲೆ ಕೂತುಬಿಟ್ಟ. ನನಗೆ ಬಂದದ್ದು ಕೋಪ. ಅಪ್ಪನ ಮೇಲೆ, ಅಳಿಯನ ಮೇಲೆ, ಗರಗರ ಅನ್ನುವ ಆ ಫೋನಿನ ಮೇಲೆ, ಇಷ್ಟು ವರ್ಷ ಸುಮ್ಮನಿದ್ದು ಸಮುದ್ರ ದಾಟಿ ಬಂದ ತಾಯಿಯ ಮೇಲೂ. ತಂಗಿ ಮತ್ತು ಕೂಸು ಎಲ್ಲಿ ಎಂದು ಕೇಳಿದೆ. ಪಕ್ಕದ ಮನೆಯಲ್ಲಿ ಒಬ್ಬ ಮಲಯಾಳಿ ನರ್ಸ್ ಇದ್ದರಂತೆ. ಆಕೆ ಗುಳ್ಳೆ ನೋಡಿದವರೇ ಬಾಣಂತಿ ಕೂಸುಗಳನ್ನು ತಮ್ಮ ಮನೆಗೆ ಎತ್ತಿಕೊಂಡು ಹೋಗಿ, ಅವ್ವನ ಹತ್ತಿರ ಸುಳಿಯಕೂಡದು ಎಂದು ತಂಗಿಗೆ ಕಟ್ಟುನಿಟ್ಟು ಮಾಡಿದ್ದರು. ಅವ್ವನ ಉಸಿರು ಕೆಟ್ಟದ್ದನ್ನು ಗುರುತಿಸಿ ದವಾಖಾನೆಗೆ ಓಡಿಸಿದವರೂ ಅವರೇ. ನಾನು ಇಂದಿಗೂ ಮುಖ ನೋಡದ ಆ ತಾಯಿಯ ಹೊಟ್ಟೆ ತಣ್ಣಗಿರಲಿ.

ಈಗ ಪ್ರಶ್ನೆ ಒಂದೇ. ಖರ್ಚನ್ನು ವಿಮಾ ಕಂಪನಿ ಹೊರುತ್ತದೋ ಇಲ್ಲವೋ. ಹೊರದಿದ್ದರೆ ಅಳಿಯನ ಸಂಬಳದಲ್ಲಿ ಆ ದವಾಖಾನೆಯಲ್ಲಿ ಅವ್ವನನ್ನು ಇಡುವುದು ಆಗುವ ಮಾತಲ್ಲ. ಅರ್ಧ ಉಸಿರಿನವಳನ್ನು ಬಿಡಿಸಿಕೊಂಡು ವಿಮಾನ ಹತ್ತಿಸಬೇಕು, ದಾರಿಯಲ್ಲಿ ಏನಾದರೂ ಆದರೆ ಆಯಿತು. ಇತ್ತ ಅಪ್ಪ, ಶುಕ್ರವಾರದವರೆಗೆ ಯಾವ ಕಾಯಿಲೆಯೂ ಇಲ್ಲ ಎಂದು ಸಹಿ ಹಾಕಿದ್ದಾನೆ. ಗುಳ್ಳೆ ಎದ್ದದ್ದು ಬುಧವಾರ. ನವೀಕರಣಕ್ಕೆ ಮುಂಚೆಯೇ ಬಂದ ಕಾಯಿಲೆಯನ್ನು ಮುಚ್ಚಿಟ್ಟು ನವೀಕರಿಸಿಕೊಂಡಿರಿ ಎಂದು ಅವರು ಅಂದರೆ ಕತೆ ಮುಗಿಯಿತು.

“ಭಾನುವಾರ ಬಂತು ಅಂತ ಹೇಳ್ರಿ,” ಅಂದೆ ನಾನು ಅಳಿಯನಿಗೆ. “ಅವ್ವಗೂ ಹೇಳಿ ಇಡ್ರಿ. ಯಾರೇ ಕೇಳಿದ್ರೂ ಭಾನುವಾರ.”

ಅಪ್ಪ ತಲೆ ಎತ್ತಿ ನೋಡಿದ, ಬೇಡ ಅನ್ನಲಿಲ್ಲ.

ಮಂಗಳವಾರ ಕಂಪನಿಯ ಕಡೆಯ ಮನುಷ್ಯ ದವಾಖಾನೆಗೆ ಬಂದ. ಉತ್ತರದ ಕಡೆಯವನು, ಹಿಂದಿ ಮಾತಾಡುವವನು. ಅಳಿಯ ನಡುವೆ ನಿಂತು ತರ್ಜುಮೆ ಮಾಡಿದ. ಯಾವಾಗ ಶುರುವಾಯಿತು ಎಂದು ಅವನು ಕೇಳಿದ. ಅವ್ವ ಮೂಗಿಗೆ ಹಾಕಿದ್ದ ಕೊಳವೆಯನ್ನು ಪಕ್ಕಕ್ಕೆ ಸರಿಸಿ, “ಬುಧವಾರ,” ಅಂದಳು. ಅಳಿಯ ಅದನ್ನು ಭಾನುವಾರ ಮಾಡಲು ಬಾಯಿ ತೆರೆಯುವಷ್ಟರಲ್ಲಿ ಆ ಮನುಷ್ಯ ಬರೆದುಕೊಂಡೇಬಿಟ್ಟಿದ್ದ. ಕನ್ನಡದ ಬುಧವಾರ ಹಿಂದಿಯಲ್ಲೂ ಬುಧವಾರವೇ.

“ಕೆಲಸಾ ಕೆಟ್ಟಿತ್ರಿ ಅಕ್ಕಾರ,” ಎಂದು ಅಳಿಯ ಫೋನಿನಲ್ಲಿ ಅತ್ತ.

“ಆಕಿಗಿ ಹೇಳಿರ್ಲಿಲ್ಲೇನ್ರಿ ನೀವು?”

“ಹೇಳಿದ್ದೆ ರೀ. ಒಂದಲ್ಲ, ನಾಕ್ ಸರ್ತಿ ಹೇಳಿದ್ದೆ. ಹೂಂ ಅಂದಿದ್ರು.”

ನಾನು ಅವತ್ತು ಬೂತಿನಲ್ಲಿ ನಿಂತು ಅವ್ವನನ್ನು ಬೈದೆ. ಆಕೆಗೆ ಕೇಳಿಸುವುದಿಲ್ಲ ಅನ್ನುವುದೊಂದೇ ಪುಣ್ಯ. ಒಂದು ಸುಳ್ಳು ಹೇಳಲು ಬಾರದ ಹೆಂಗಸು ಎಂದೆ, ದಡ್ಡಿ ಎಂದೆ, ತನ್ನ ಉಸಿರನ್ನು ತಾನೇ ಹಿಸುಕಿಕೊಂಡಳು ಎಂದೆ. ಚಾಚಾ ಎದ್ದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು.

“ಬಸ್ ಕರ್ ಬೇಟಾ. ನಾಳಿಗಿ ಕಲಬುರ್ಗಿಗಿ ಹೋಗಮು. ನಿಮ್ಮಪ್ಪ ಇಲ್ಲಿ ನಿಂತು ಏನೇನು ಒದರಿದ ಅಂಬೋದು ನಾ ಕೇಳೀನಿ. ನಾ ಬಂದು ಹೇಳ್ತೀನಿ. ಮುಚ್ಚಿಡೋ ಮನುಷ್ಯಾ ಹಂಗ ಒದರ್ತಾನೇನು?”

ಮರುದಿನ ಚಾಚಾ ಬೂತಿಗೆ ಬೀಗ ಹಾಕಿ, ಇಸ್ತ್ರಿ ಮಾಡಿದ ಶೇರ್ವಾನಿ ತೊಟ್ಟು, ನಮ್ಮ ಜೊತೆ ಬಸ್ಸು ಹತ್ತಿದರು. ಅಂದಿನ ದಿನಗಳಲ್ಲಿ ಬೂತ್ ಒಂದು ದಿನ ಮುಚ್ಚಿದರೆ ಎಷ್ಟು ಗಿರಾಕಿ ಹೋಗುತ್ತಾರೆ ಎಂದು ನನಗೆ ಗೊತ್ತು.

ಕಚೇರಿಯ ಅಧಿಕಾರಿ ಮೈಸೂರು ಕಡೆಯವರು, ನಡುವಯಸ್ಸು, ಮುಖದಲ್ಲಿ ನಗುವಿನ ಗುರುತಿಲ್ಲ. ಮಸ್ಕತ್‌ನಿಂದ ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು. ಕಾಗದಗಳನ್ನು ಮುಂದಿಟ್ಟುಕೊಂಡು ಅಪ್ಪನನ್ನು ಕೇಳಿದರು: “ಬುಧವಾರ ಕಾಯಿಲೆ ಬಂದಿದೆ, ಗುರುವಾರ ನಿಮಗೆ ಫೋನ್ ಬಂದಿದೆ, ಶುಕ್ರವಾರ ಆರೋಗ್ಯವಾಗಿದ್ದಾರೆ ಅಂತ ಸಹಿ ಹಾಕಿದ್ದೀರಿ. ಇದಕ್ಕೆ ಏನು ಹೇಳ್ತೀರಿ?”

“ತಾಯಿ ಬಂದಾಳ ಅಂದ್ರು ಸಾಹೇಬ್ರ. ನಾ ಬೀಗತಿ ಬಂದಾಳ ಅಂತ ತಿಳಕೊಂಡೆ,” ಅಂದ ಅಪ್ಪ.

ಅಧಿಕಾರಿ ಕನ್ನಡಕ ತೆಗೆದರು. “ಯಾರ ತಾಯಿ ಬಂದರೆ ನನಗೇನು ಸ್ವಾಮಿ? ನಾನು ಕಾಯಿಲೆಯ ವಿಷಯ ಕೇಳ್ತಿದ್ದೀನಿ.”

ನಾನು ನಡುವೆ ಬಾಯಿ ಹಾಕಿದೆ. “ಸರ್, ನಿಮ್ಮ ಕಡೆ ಮಕ್ಕಳಿಗೆ ಗುಳ್ಳೆ ಎದ್ದರೆ ಏನಂತಾರೆ?”

“ಅಮ್ಮ ಬಂದಿದ್ದಾಳೆ ಅಂತಾರೆ…” ಅನ್ನುತ್ತ ಅವರು ಅಲ್ಲೇ ನಿಂತರು. ನಮ್ಮಪ್ಪನ ಮುಖ ನೋಡಿದರು, ಕಾಗದ ನೋಡಿದರು, ಮತ್ತೆ ನಮ್ಮಪ್ಪನ ಮುಖ ನೋಡಿದರು. “ಇವರ ಮನೆಯವರು ಹೋಗಿದ್ದೇ ತಾಯಿಯಾಗಿ ಬಾಣಂತನಕ್ಕೆ. ಅಳಿಯನಿಗೆ ಬೇರೆ ತಾಯಿ ಇದ್ದಾರೆ. ಅಯ್ಯೋ ಶಿವನೇ.”

ಆಗ ಚಾಚಾ ಎದ್ದು ನಿಂತರು. ಸಾಕ್ಷಿ ಹೇಳುವವರ ಗತ್ತಿನಲ್ಲಿ, ಅಪ್ಪನ ದನಿಯಲ್ಲೇ, ಇಡೀ ಕಚೇರಿ ತಿರುಗಿ ನೋಡುವ ಹಾಗೆ ಕೂಗಿ ತೋರಿಸಿದರು: “ಬರ್ಲಿ, ಬರ್ಲಿ! ಮರ್ಯಾದಿಲೆ ನೋಡ್ಕೊಳ್ರಿ! ಹಿಂಗ ಅಂದಾರ ಸಾಬ್. ಆಮ್ಯಾಲ, ಜಡ್ಡು ಗಿಡ್ಡು ಏನೂ ಇಲ್ಲಲ್ಲ ಅಂತ ಕೇಳ್ಯಾರ. ಆಮ್ಯಾಲ, ಆತು ಬಿಡ್ರಿ ಅನ್ನಲ್ಲ ಅಂತ ನಕ್ಕಾರ. ಬಜಾರ್ ಪೂರಾ ಕೇಳ್ಯಾದ. ನಮ್ಮ ಮನ್ಯಾಗೂ ಮಾತಾ ಆಯಿ ಅಂತೀವಿ, ಬೀಮಾರಿ ಅನ್ನಲ್ಲ. ಹಿಂಗ ಅಂದ್ರ ತಪ್ಪೇನ್ ಸಾಬ್?”

ನಗದ ಆ ಮುಖ ನಕ್ಕಿತು. ಕಣ್ಣೀರು ಬರುವಷ್ಟು ನಕ್ಕು, ಕರವಸ್ತ್ರದಿಂದ ಒರೆಸಿಕೊಂಡು, ಅವರು ಹೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ.

“ನೀವು ಇಷ್ಟೊಂದು ಹೆದರಿಕೊಂಡು ಬಂದಿದ್ದು ಯಾಕೆ? ಬುಧವಾರ ಶುರುವಾದದ್ದೇ ಒಳ್ಳೆಯದಾಯ್ತು.”

ಅವರು ಬಿಡಿಸಿ ಹೇಳಿದರು. ಹಳೆಯ ಪಾಲಿಸಿ ಶನಿವಾರದವರೆಗೆ ಜೀವಂತ ಇತ್ತು. ಅದು ಜೀವಂತ ಇದ್ದಾಗ ಹುಟ್ಟಿದ ಕಾಯಿಲೆ ಅದರದೇ ಹೊಣೆ. ಅವಧಿ ಮುಗಿದ ಮೇಲೂ ಆ ಒಂದು ಕಾಯಿಲೆಯ ಚಿಕಿತ್ಸೆಯನ್ನು ಅದು ಗೊತ್ತುಪಡಿಸಿದಷ್ಟು ದಿನ ನಡೆಸಿಕೊಡಲೇಬೇಕು. ನವೀಕರಿಸಿದ ಹೊಸ ಪಾಲಿಸಿಗೆ ಮಾತ್ರ ಈ ಕಾಯಿಲೆ ಸೇರುವುದಿಲ್ಲ, ಬೇರೇನಾದರೂ ಬಂದರೆ ಅದಕ್ಕೆ ಅದು ಇರಲಿ. ಮುಚ್ಚಿಟ್ಟು ಸಹಿ ಹಾಕಿದ್ದರೆ ತೊಂದರೆಯಾಗುತ್ತಿತ್ತು. ಮುಚ್ಚಿಟ್ಟಿಲ್ಲ ಅನ್ನುವುದು ಈಗ ತಿಳಿಯಿತು. “ಒಂದು ವೇಳೆ ಆಯಮ್ಮ ಭಾನುವಾರ ಅಂದಿದ್ದರೆ ನಾನು ಏನೂ ಮಾಡೋಕೆ ಆಗ್ತಿರಲಿಲ್ಲ. ಗುಳ್ಳೆ ನೋಡಿದರೆ ಎಷ್ಟು ದಿನದ್ದು ಅಂತ ಅಲ್ಲಿನ ಡಾಕ್ಟರಿಗೆ ಗೊತ್ತಾಗುತ್ತೆ. ಸುಳ್ಳು ಅಂತ ಬರೆದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ.”

ಭಾನುವಾರ ಅನ್ನಿ ಎಂದು ಹೇಳಿಕೊಟ್ಟವಳು ನಾನೇ. ಅಪ್ಪ ನನ್ನ ಕಡೆ ನೋಡಲಿಲ್ಲ, ದೊಡ್ಡ ಉಪಕಾರ ಮಾಡಿದ.

ಅಧಿಕಾರಿ ಅವತ್ತೇ ಮುಂಬಯಿಗೆ ಫ್ಯಾಕ್ಸ್ ಕಳಿಸಿದರು. ಆದರೆ ‘ತಾಯಿ ಬಂದಾಳ’ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕು ಎಂದು ಅವರೂ ನಾನೂ ಒಂದು ಹಾಳೆ ಹರಿದೆವು, ಎರಡು ಹಾಳೆ ಹರಿದೆವು. ಎಷ್ಟು ಬರೆದರೂ ಅತ್ತೆ ಸೊಸೆಯ ಜಗಳದ ಅರ್ಜಿಯಂತೆ ಕಾಣುತ್ತಿತ್ತು. ಕೊನೆಗೆ ಅವರೇ, ಈ ಭಾಗದ ಜನ ಈ ಕಾಯಿಲೆಯನ್ನು ಕಾಯಿಲೆ ಎಂದು ಹೇಳುವುದಿಲ್ಲ, ಅದು ಅವರ ನಂಬಿಕೆ, ಇದರಲ್ಲಿ ವಂಚನೆ ಇಲ್ಲ ಎಂದು ಸರಳವಾಗಿ ಬರೆದು ಸಹಿ ಹಾಕಿದರು. ಒಬ್ಬ ಅಪರಿಚಿತ ಅಧಿಕಾರಿ ನಮ್ಮ ಮಾತನ್ನು ನಂಬಿ, ತನ್ನ ಹೆಸರನ್ನು ಅದರ ಕೆಳಗೆ ಹಾಕಿದ್ದಕ್ಕೆ ನಮ್ಮ ಮನೆ ಇವತ್ತಿಗೂ ಋಣಿ. ಅಪ್ಪ ಅವರ ಮುಂದೆ ಕೈ ಮುಗಿದು ನಿಂತಾಗ ಅವರು, “ಯಜಮಾನರೇ, ಊರಿಗೆ ಹೋಗಿ ಊಟ ಮಾಡಿ, ಬೆಳಗಿನಿಂದ ಏನೂ ತಿಂದಿಲ್ಲ ಅಂತ ಕಾಣುತ್ತೆ,” ಅಂದರು. ಚಾಚಾ ಬಸ್ ನಿಲ್ದಾಣದ ಹತ್ತಿರ ನಮ್ಮಿಬ್ಬರನ್ನೂ ಖಾನಾವಳಿಗೆ ಕರೆದುಕೊಂಡು ಹೋಗಿ, ಎದುರಿಗೆ ಕೂತು ಉಣ್ಣಿಸಿದರು.

ಅವ್ವ ಉಳಿದಳು. ದವಾಖಾನೆಯಲ್ಲಿ ಇರಬೇಕಾದಷ್ಟು ದಿನ ಇಟ್ಟುಕೊಂಡರು, ಯಾರೂ ಏನೂ ಕೇಳಲಿಲ್ಲ. ಕೂಸಿನ ಮೈಮೇಲೆ ಒಂದು ಗುಳ್ಳೆಯೂ ಏಳಲಿಲ್ಲ. ತಿಂಗಳು ಮುಗಿಯುವ ಹೊತ್ತಿಗೆ ಅವ್ವ ಬಡಕಲಾಗಿ, ಮುಖದ ತುಂಬ ಕಲೆ ಹೊತ್ತುಕೊಂಡು, ಸೊಲ್ಲಾಪುರದಲ್ಲಿ ರೈಲಿನಿಂದ ಇಳಿದಳು. ಅಪ್ಪ ಪ್ಲಾಟ್‌ಫಾರ್ಮಿನಲ್ಲಿ ಎಲ್ಲರೆದುರು ಅವಳ ಕೈ ಹಿಡಿದುಕೊಂಡ. ಅವ್ವ ನಾಚಿಕೊಂಡು ಬಿಡಿಸಿಕೊಂಡಳು.

ಅದಾದ ಮೇಲೆ ಅಪ್ಪ ಮನೆಗೆ ಬಂದವರಿಗೆಲ್ಲ ಈ ಕತೆ ಹೇಳಿದ್ದೇ ಹೇಳಿದ್ದು. ಅವನ ಕತೆಯಲ್ಲಿ ಅವ್ವ ಲೋಕದ ಕಪಟ ಗೊತ್ತಿಲ್ಲದ ಮುಗ್ಧೆ. ಕೇಳಿದ್ದಕ್ಕೆ ಇದ್ದದ್ದು ಹೇಳಿದಳು, ಅದೇ ಕಾಯಿತು. ಅವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತ ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ನಾನು ಜೇವರ್ಗಿಗೆ ಹೊರಡುವ ಹಿಂದಿನ ದಿನ ಮಧ್ಯಾಹ್ನ, ಮನೆಯಲ್ಲಿ ನಾವಿಬ್ಬರೇ ಇದ್ದಾಗ, ನಾನೂ ಅದೇ ಧಾಟಿಯಲ್ಲಿ ಚೇಷ್ಟೆ ಮಾಡಿದೆ. “ಅಂತೂ ನಿನಗ ಏನೂ ತಿಳೀದಿದ್ದದ್ದೇ ಛಲೋ ಆತು ನೋಡವ್ವ.”

ಅವ್ವ ಹಿಟ್ಟಿನ ಕೈ ನಿಲ್ಲಿಸಿದಳು.

“ತಿಳೀಲಾರದ್ದೇನು? ಅಳಿಯ ಎಲ್ಲಾ ಬಿಡಿಸಿ ಹೇಳಿದ್ದ. ಬುಧವಾರ ಅಂದ್ರ ಕಂಪನಿ ಕೈ ಬಿಡ್ತದ, ಆಮ್ಯಾಲ ದವಾಖಾನಿನೂ ಬಿಡ್ಬೇಕು ಅಂತ. ಉಸರು ಹೋಗ್ಲಾಕತ್ತದ ಅಂತ ನನಗೇ ಗೊತ್ತಾಗ್ತಿತ್ತಲ್ಲ ಬೇ. ಭಾನುವಾರ ಅಂತೀನಿ ಅಂತ ಹೂಂ ಅಂದಿದ್ದೆ. ಆ ಮನುಷ್ಯಾ ಬಂದು ಕೇಳಿದ ಕೂಡ್ಲೇ ಬಾಜೂ ಮನ್ಯಾಗ ಕೂಸು ಅಳೂದು ನೆಪ್ಪಾತು. ಬಂದಾಕಿನ್ನ ಬಂದಿಲ್ಲ ಅಂದ್ರ, ಆಕಿ ಸಿಟ್ಟಿಗೆದ್ದು ಅಲ್ಲಿ ಹೋಗಿ ಕೂತ್ರ? ನಂದೇನು, ನಿಮ್ಮನ್ನೆಲ್ಲಾ ಹಡದೀನಿ, ಬೆಳೆಸೀನಿ. ನನ್ನೇ ತಗೊಂಡು ಹೋಗು ತಾಯಿ, ಅಲ್ಲಿ ಹೋಗಬ್ಯಾಡ ಅಂತ ಮನಸಿನ್ಯಾಗ ಅಂದು, ಬುಧವಾರ ಅಂದೆ.”

ನಾನು ವಿಜ್ಞಾನದ ಟೀಚರು. ಆ ಗುಳ್ಳೆ ಯಾರ ಸಿಟ್ಟಿನಿಂದಲೂ ಏಳುವುದಿಲ್ಲ, ಯಾರ ಸುಳ್ಳಿನಿಂದಲೂ ಇನ್ನೊಂದು ಮನೆಗೆ ಹಾರುವುದಿಲ್ಲ ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುವವಳು. ಆ ಮಧ್ಯಾಹ್ನ ಅದೊಂದೂ ನಾಲಿಗೆಗೆ ಬರಲಿಲ್ಲ. ನಾವೆಲ್ಲ ಯಾರನ್ನು ಮುಗ್ಧೆ ಎಂದು ಹಾಡಿ ಹೊಗಳುತ್ತಿದ್ದೆವೋ ಅವಳು ಎಲ್ಲ ತಿಳಿದೇ, ತನ್ನ ಉಸಿರನ್ನು ಒಂದು ಕಡೆ ಕೂಸನ್ನು ಒಂದು ಕಡೆ ಇಟ್ಟು ನೋಡಿ, ಉಸಿರು ಬಿಟ್ಟುಕೊಟ್ಟಿದ್ದಳು.

“ತಂಗಿ ಮುಂದ ಇದನ್ನ ಆಡಬ್ಯಾಡ,” ಅಂದಳು ಅವ್ವ, ರೊಟ್ಟಿಯನ್ನು ಮತ್ತೆ ತಟ್ಟುತ್ತ. “ಕೂಸಿಗಿ ಹಾಲು ಕುಡಸ್ಲಾಕತ್ತಾಳ. ಸುಮ್ಮನ ಅಳ್ತಾಳ.”

ನಾನು ಆಡಲಿಲ್ಲ. ಅವ್ವ ಈಗ ಇಲ್ಲ, ಅಪ್ಪನೂ ಇಲ್ಲ. ಕೂಸು ದೊಡ್ಡದಾಗಿದೆ, ಕನ್ನಡ ಓದುವುದನ್ನು ತಂಗಿ ಬಿಡದೆ ಕಲಿಸಿದ್ದಾಳೆ. ಅವನು ಓದಲಿ ಎಂದೇ ಇದನ್ನು ಬರೆದಿದ್ದೇನೆ.